ಕೊಡದ ಮುಚ್ಚಳ

ರಾತ್ರಿಪಾಳಿ ಮುಗಿಸಿ ಕೋಡಿಬಾಗದ ತಿರುವಿನಲ್ಲಿ ಟೆಂಪೋ ಇಳಿದು ಬಂದಾಗ
ಬೀಗ ಬೀಗದ ಹಾಗೆಯೇ ಇತ್ತು.
ಎಂದಿನಂತೆ ಒಂದು ಹನಿ ಕೊಬ್ಬರಿ ಎಣ್ಣೆ ಕುಡಿದ ಮೇಲೇ ತಿರುಗಿತು.
ಕಾಳಿ ಕಡಲು ಸೇರುವಲ್ಲಿಯ ಗಾಳಿ
ಕಬ್ಬಿಣದ ಮೇಲೆ ಕೊರೆದ ಕಂಪನಿಯ ಹೆಸರು ಓದುವುದಿಲ್ಲ,
ತಿನ್ನುತ್ತದೆ.

ಒಳಗೆ ಮಾತ್ರ ಬೆಳಕು ಹೆಚ್ಚಾಗಿತ್ತು.
ಅಡುಗೆಮನೆಯ ನೆತ್ತಿಯಲ್ಲಿ
ಒಂಬತ್ತು ಹಂಚಿನಷ್ಟು ಆಕಾಶ.

ಹೋದದ್ದು: ಅಕ್ಕಿ ಡಬ್ಬದ ಹದಿನಾಲ್ಕು ಸಾವಿರ,
ಆಯಿಯ ಎರಡು ಬಳೆ (ಒಂದು ನೆಗ್ಗಿದ್ದು),
ಇಸ್ತ್ರಿಪೆಟ್ಟಿಗೆ. ಅದು ಯಾಕೋ.
ಹವಾಲ್ದಾರರು ಬರೆದುಕೊಂಡರು.
ಯಾರ ಮೇಲಾದರೂ ಸಂಶಯ?
ಇಲ್ಲ, ಎಂದೆ.

ಅಷ್ಟರಲ್ಲೇ ಎರಡು ನೋಡಿದ್ದೆ.
ಕಿತ್ತ ಹಂಚುಗಳು ಹಿತ್ತಿಲ ಗೋಡೆಗೆ ಆನಿಸಿ ನಿಂತಿದ್ದವು
ಮೂರು ಮೂರರಂತೆ, ಪಾಚಿ ಹೊರಮುಖವಾಗಿ,
ಒಂದರ ಕಿವಿಯೂ ಮುಕ್ಕಾಗದೆ.
ಇನ್ನೊಂದು, ಕುಡಿವ ನೀರಿನ ಕೊಡ.
ಅವಸರದಲ್ಲಿ ನಾನು ತೆರೆದೇ ಬಿಟ್ಟು ಹೋಗಿದ್ದು.
ಅದರ ಮೇಲೆ ಯಾರೋ
ನನ್ನ ಊಟದ ತಟ್ಟೆ ಮಗುಚಿ ಇಟ್ಟಿದ್ದರು.
ತಟ್ಟೆಯ ಮೇಲೆ ಹಂಚಿನ ಕೆಂಪು ಪುಡಿ. ನೀರು ತಿಳಿ.

ಪ್ರತಿ ಮೇ ತಿಂಗಳು ಮಾಡಿಗೆ ಕೈಯಾಡಿಸಲು ಬರುವ ಪುರ್ಸು
ಏಣಿಗೆ ಕಾಲಿಡುವ ಮೊದಲು ಆಡುವುದು ಒಂದೇ ಮಾತು:
‘ನೀರು ಮುಚ್ಚಿ ಸಿಸ್ಟರ್‌ಬಾಯಿ, ಕಸ ಬೀಳ್ತದೆ.’

ಆಮೇಲೆ ಊರಿಗೆ ಊರೇ ನನ್ನ ಮನೆ ಕಾಯಲು ಬಂತು.
ಬೀಗದಂಗಡಿಯವ ಏಳು ಲಿವರಿನದನ್ನು ಅಂಗೈಯಲ್ಲಿ ತೂಗಿ ತೋರಿಸಿದ.
ರೊಜಾರಿಯೊ ತನ್ನ ನಾಯಿಯ ಮರಿಗಳಲ್ಲಿ
ಬೊಗಳದೆ ಇರುವುದನ್ನೇ ಆರಿಸಿ ಕೊಟ್ಟ.
ವಾರ್ಡಿನ ಹುಡುಗಿಯರು ಕಾಸು ಕೂಡಿಸಿ ಕ್ಯಾಮೆರಾ ತಂದರು.
ಅದು ಮೂರು ರಾತ್ರಿ
ಅಂಗಳ ದಾಟುವ ಏಡಿಯೊಂದನ್ನು ಹಿಡಿಯಿತು,
ನಾಲ್ಕನೆಯ ರಾತ್ರಿ ಉಪ್ಪು ಕ್ಯಾಮೆರಾವನ್ನು ಹಿಡಿಯಿತು.

ಕಡೆಗೆ ಎಲ್ಲರೂ ಮೇಲೆ ನೋಡಿದರು.
ಹಂಚಿನಡಿಗೆ ಕಬ್ಬಿಣದ ಜಾಲರಿ ಹೊಡೆಸಬೇಕು.
ಯಾರು ಹೊಡೆಯುವುದು?
ಓಣಿಯಲ್ಲಿ ಉಳಿದದ್ದೆಲ್ಲ ಸ್ಲ್ಯಾಬಿನ ಮನೆ, ಶೀಟಿನ ಮನೆ.
ಹಂಚು ತಿಳಿದ ಕೈ ಇಲ್ಲಿ ಒಂದೇ,
ಅದಕ್ಕೂ ಈಗ ವರ್ಷಕ್ಕೆ ನಾಲ್ಕು ಮಾಡು ಸಿಕ್ಕರೆ ಹೆಚ್ಚು.

ಹೇಳಿಕಳಿಸಿದೆ. ಬಂದ.
ಏಣಿ ಆನಿಸಿದ.
ನಾನು ಬಾಗಿಲಲ್ಲಿ ನಿಂತು ಕಾದೆ, ಆ ಮಾತಿಗೆ.
ಆಡಲಿಲ್ಲ.
ಒಳಗೆ ಹೋಗಿ ನಾನೇ ಮುಚ್ಚಿ ಬಂದೆ.
ಇಡೀ ದಿನ ನಾವಿಬ್ಬರೂ
ಆ ಒಂದು ವಾಕ್ಯವನ್ನು ಸುತ್ತಿಕೊಂಡು ನಡೆದೆವು,
ನೆಲದಲ್ಲಿ ಮಲಗಿದ ಮಗುವನ್ನು ತುಳಿಯದಂತೆ.

‘ಇಲ್ಲಿ ರೀಪು ಸಡಿಲ,’ ಮೇಲಿಂದ ಹೇಳಿದ,
‘ಇಲ್ಲಿಂದ್ಲೇ ಇಳೀತಾರೆ.’
ಇಳೀತಾರೆ. ಬಹುವಚನ.
ಅಲ್ಲಿಗೆ ಎರಡು ಪದರ ಹಾಕಿದ,
ಗೇಣಿಗೊಂದು ಮೊಳೆ,
ತನಗೇ ಸಿಟ್ಟು ಬಂದವನ ಹಾಗೆ ಹೊಡೆದ.

ಸಂಜೆ ಕೂಲಿ ಪೂರ್ತಿ ಎಣಿಸಿಕೊಂಡ,
ಹೆಬ್ಬೆರಳು ಎಂಜಲು ಮಾಡಿ, ಎರಡು ಸಲ.
ಉಳಿದ ಮೊಳೆಗಳನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟ.
‘ಇನ್ನು ಯಾರೂ ಬರೂದಿಲ್ಲ,’ ಅಂದ.
ನನ್ನ ಕಡೆ ನೋಡಲಿಲ್ಲ, ಮಾಡಿನ ಕಡೆ ನೋಡಿದ.
ನೀರು ಬೇಕೇ ಅಂದೆ.
ಬೇಡ ಅಂದ. ಮೇ ತಿಂಗಳ ಸಂಜೆ.

ಗಾಜಿನ ಹಂಚಿನಿಂದ ಇಳಿಯುವ ಬೆಳದಿಂಗಳು ಈಗ
ಅಡುಗೆಮನೆ ನೆಲದಲ್ಲಿ ಚೌಕ ಚೌಕ.
ಏಳು ಲಿವರಿನ ಬೀಗ ಇದೆ,
ಅದಕ್ಕೂ ಎಣ್ಣೆಯ ಚಟ ಹತ್ತಿದೆ.
ಮರಿ ಬೆಳೆದಿದೆ, ಬೊಗಳುವುದಿಲ್ಲ.

ಪಾಳಿಗೆ ಹೊರಡುವಾಗ ಬೀಗ ಎಳೆದು ನೋಡಿ
ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು, ತೆಗೆದು,
ಒಂದು ಕೆಲಸ ಮಾಡಿ ಹೋಗುತ್ತೇನೆ. ಯಾರಿಗೂ ಹೇಳಿಲ್ಲ:
ಕೊಡದ ಮುಚ್ಚಳ ತೆಗೆದು ಪಕ್ಕಕ್ಕಿಡುತ್ತೇನೆ.

ಬೆಳಿಗ್ಗೆ ಬಂದವಳು
ಮಾಡು ನೋಡುವುದಿಲ್ಲ, ಡಬ್ಬ ನೋಡುವುದಿಲ್ಲ.